ಅಟ್ಟುವವನ ಹೆಗಲು

ಕಳ್ಳತನವನ್ನು ಲೆಕ್ಕ ಬರೆದಿಟ್ಟು ಮೆಚ್ಚುವ ಆಟ ಬೇಸ್‌ಬಾಲ್. ಮೊದಲ ಬೇಸಿನಲ್ಲಿ ನಿಂತ ಓಟಗಾರ, ಯಾರೂ ಚೆಂಡು ಹೊಡೆಯದೆ ಇರುವಾಗಲೇ, ಬೌಲ್ ಮಾಡುವವನ ಕಣ್ಣು ತಪ್ಪಿಸಿ ಎರಡನೆಯ ಬೇಸಿಗೆ ಓಡಿಬಿಟ್ಟರೆ ಅದು ‘ಸ್ಟೀಲ್’. ಎರಡು ಬೇಸುಗಳ ನಡುವೆ 90 ಅಡಿ. ಪಿಚರ್ ಎಸೆಯುವ ಚಲನೆ ಶುರುಮಾಡಿದಲ್ಲಿಂದ ಚೆಂಡು ಕ್ಯಾಚರನ ಗವಸು ಸೇರಲು ಸುಮಾರು 1.3 ಸೆಕೆಂಡು, ಅಲ್ಲಿಂದ ಎರಡನೆಯ ಬೇಸಿಗೆ ಎಸೆತ ಮುಟ್ಟಲು ಸುಮಾರು 2 ಸೆಕೆಂಡು. ಅಂದರೆ ಕಳ್ಳನ ಕೈಯಲ್ಲಿರುವುದು ಮೂರು ಚಿಲ್ಲರೆ ಸೆಕೆಂಡು. ಅಷ್ಟರಲ್ಲಿ 90 ಅಡಿಯನ್ನು ನಿಂತ ಕಾಲಿನಿಂದ ಓಡಿ ಮುಗಿಸುವುದು ಬಹಳ ಜನರಿಗೆ ಆಗದ ಮಾತು. ಹಾಗಾಗಿ ಅವನು ಹತ್ತು ಹನ್ನೆರಡು ಅಡಿ ಮೊದಲೇ ಜಾರಿ ನಿಂತಿರುತ್ತಾನೆ. ಪಿಚರ್ ಬೇಕೆಂದರೆ ತಿರುಗಿ ಮೊದಲ ಬೇಸಿಗೇ ಎಸೆದು ಅವನನ್ನು ಹಿಡಿಯಬಹುದು. ಆದರೆ ಒಂದು ಷರತ್ತಿದೆ: ಬ್ಯಾಟರನ ಕಡೆಗೆ ಎಸೆಯುವ ಚಲನೆ ಒಮ್ಮೆ ಶುರುವಾಯಿತೆಂದರೆ ಅದನ್ನು ನಡುವೆ ನಿಲ್ಲಿಸುವಂತಿಲ್ಲ, ತಿರುಗುವಂತಿಲ್ಲ. ನಿಲ್ಲಿಸಿದರೆ ‘ಬಾಕ್’ ಎಂಬ ತಪ್ಪು, ಓಟಗಾರನಿಗೆ ಪುಕ್ಕಟೆ ಬೇಸು.

ಕಳ್ಳನ ವಿದ್ಯೆಯೆಲ್ಲ ಈ ಷರತ್ತಿನ ಮೇಲೆ ನಿಂತಿದೆ. ಅವನು ನೋಡುವುದು ಚೆಂಡನ್ನಲ್ಲ. ಪಿಚರನ ಹಿಮ್ಮಡಿ, ಮಂಡಿ, ಹೆಗಲು ಇವುಗಳನ್ನು. ಯಾವ ಕ್ಷಣದಲ್ಲಿ ಆ ದೇಹ ಹಿಂದಿರುಗಲಾರದ ಗೆರೆ ದಾಟಿತು ಎಂಬುದನ್ನು ಅವನು ಪಿಚರನಿಗಿಂತ ಮೊದಲೇ ತಿಳಿಯಬೇಕು.

ನಾಶಿಕದಿಂದ ಛತ್ರಪತಿ ಸಂಭಾಜಿನಗರಕ್ಕೆ, ಅಂದರೆ 2023ರ ತನಕ ಔರಂಗಾಬಾದ್ ಎಂದು ಕರೆಯುತ್ತಿದ್ದ ಊರಿಗೆ, ಇನ್ನೂರು ಕಿಲೋಮೀಟರಿನೊಳಗಿನ ದಾರಿ. ಈ ದಾರಿಯುದ್ದಕ್ಕೂ ಬೇಸ್‌ಬಾಲ್ ಹುಡುಕುವವರಿಗೆ ಅದು ತೀರ ಇತ್ತೀಚಿನ ಆಟವಾಗಿ ಸಿಗುತ್ತದೆ. ಭಾರತದಲ್ಲಿ ಸಾಫ್ಟ್‌ಬಾಲಿನ ಸಂಸ್ಥೆ ಹುಟ್ಟಿದ್ದು 1961ರಲ್ಲಿ, ಬೇಸ್‌ಬಾಲಿನದು 1983ರಲ್ಲಿ. ಆದರೆ ಅಟ್ಟುವವನ ದೇಹ ಎಲ್ಲಿ ಕಟ್ಟುಬೀಳುತ್ತದೆ ಎಂದು ಓದಿ, ಆ ಅರೆಕ್ಷಣವನ್ನು ಕದಿಯುವ ವಿದ್ಯೆ ಇಲ್ಲಿ ಹಳೆಯದು. ಅದಕ್ಕೆ ಇಲ್ಲಿ ಎರಡು ಶಾಲೆಗಳಿದ್ದವು: ಆಟ್ಯಾಪಾಟ್ಯಾ ಮತ್ತು ಖೋ ಖೋ. ಎರಡನೆಯದು ನಮ್ಮ ಶಾಲೆಯ ಮೈದಾನಗಳಲ್ಲಿ ಕೊಕ್ಕೋ.

ಈ ಎರಡು ಊರುಗಳನ್ನು ಕನ್ನಡದ ಓದುಗರು ಪರದೇಶವೆಂದು ಎಣಿಸಬೇಕಾಗಿಲ್ಲ. ನಾಶಿಕ ಇದ್ದದ್ದು ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಇದ್ದ ಅದೇ ಮುಂಬಯಿ ಪ್ರಾಂತ್ಯದಲ್ಲಿ. ಔರಂಗಾಬಾದ್ ಇದ್ದದ್ದು ಬೀದರ್, ಕಲಬುರಗಿ, ರಾಯಚೂರು ಇದ್ದ ಅದೇ ನಿಜಾಮರ ಸಂಸ್ಥಾನದಲ್ಲಿ. 1956ರಲ್ಲಿ ಗೆರೆ ಎಳೆದಾಗ ಜಿಲ್ಲೆಗಳು ಬೇರೆಯಾದವು. ಆಟಗಳಿಗೆ ಆ ಗೆರೆ ಅಷ್ಟಾಗಿ ತಿಳಿಯಲಿಲ್ಲ.

ಆಟ್ಯಾಪಾಟ್ಯಾ ಬರೀ ಗೆರೆಗಳ ಆಟ. ಚೆಂಡಿಲ್ಲ, ಕೋಲಿಲ್ಲ. ನೆಲದ ಮೇಲೆ ಅಡ್ಡಕ್ಕೆ ಒಂಬತ್ತು ಕಿರಿದಾದ ಪಟ್ಟಿಗಳು, ಒಂದೊಂದೂ 23 ಅಡಿಗಿಂತ ತುಸು ಉದ್ದ, ಅಗಲ ಒಂದು ಅಡಿಗಿಂತ ಒಂದಂಗುಲ ಹೆಚ್ಚು. ಇವೆಲ್ಲವನ್ನೂ ನಡುವೆ ಸೀಳುವ ಒಂದು ಉದ್ದನೆಯ ಪಟ್ಟಿ, ಅದಕ್ಕೆ ‘ಸೂರ್’. ಪ್ರತಿ ಅಡ್ಡಪಟ್ಟಿಯನ್ನೂ ಒಬ್ಬೊಬ್ಬ ಕಾಯುತ್ತಾನೆ. ಕಾಯುವವನ ಕಾಲು ಪಟ್ಟಿಯೊಳಗೇ ಇರಬೇಕು. ದಾಟುವವನಿಗೆ ಆ ಕಟ್ಟು ಇಲ್ಲ. ಅವನು ಎಡಕ್ಕೆ ಹೆಜ್ಜೆ ತೋರಿಸಿ ಬಲಕ್ಕೆ ನುಗ್ಗುತ್ತಾನೆ, ಬಲಕ್ಕೆ ಸೊಂಟ ಬಳುಕಿಸಿ ಎಡಕ್ಕೆ ಜಾರುತ್ತಾನೆ. ಮೊದಲ ಪಟ್ಟಿಯ ಹೆಸರು ‘ಕಪಾಳಫೋಡಿ’, ಹಣೆ ಒಡೆಯುವಂಥದ್ದು ಎಂದರ್ಥ. ಕೊನೆಯದು ‘ಲೋಣಪಾಟಿ’. ಒಂಬತ್ತನ್ನೂ ದಾಟಿ ಹಿಂತಿರುಗಿದರೆ ಲೋಣ. ಇದೇ ಪದವನ್ನು ಇಂದು ಕಬಡ್ಡಿಯ ಟೀವಿ ವೀಕ್ಷಕ ವಿವರಣೆಯಲ್ಲಿ, ಇಡೀ ತಂಡ ಔಟಾದಾಗ, ‘ಲೋನಾ’ ಎಂದು ಕೇಳುತ್ತೇವೆ. ಲೋಣ ಎಂದರೆ ಉಪ್ಪು, ಲವಣದಿಂದ ಬಂದ ಮಾತು. ಕೇರಳದಲ್ಲಿ ಇದೇ ಬಗೆಯ ಕಿಳಿತ್ತಟ್ಟ್ ಆಟದಲ್ಲೂ ಗೆರೆಗಳನ್ನು ದಾಟಿ ಮರಳುವವನ ಬಾಯಲ್ಲಿ ಬರುವುದು ‘ಉಪ್ಪು’. ಕಾವಲು ದಾಟಿ ಉಪ್ಪು ತರುವುದು ಯಾವ ಕಾಲದ ನೆನಪೋ, ಆಟದೊಳಗೆ ಹೆಪ್ಪುಗಟ್ಟಿ ಕುಳಿತಿದೆ. ಬೇಸ್‌ಬಾಲಿನವರು ಬೇಸು ಕದ್ದರೆ ನಮ್ಮವರು ಉಪ್ಪು ಕದ್ದರು.

ಆಟ್ಯಾಪಾಟ್ಯಾದ ಕಷ್ಟವೆಂದರೆ ಅದು ನೋಡುವವರಿಗಿಂತ ಆಡುವವರ ಆಟ. ಹೊರಗಿನಿಂದ ನೋಡಿದರೆ ಇಬ್ಬರು ಎದುರುಬದುರು ನಿಂತು ತಲೆದೂಗುತ್ತಿರುವಂತೆ ಕಾಣುತ್ತದೆ. ಹಾಗಾಗಿ ಮೈದಾನ ಖೋ ಖೋ ಪಾಲಾಯಿತು.

ಖೋ ಖೋಗೆ ಮಹಾಭಾರತದ ಚಕ್ರವ್ಯೂಹದಿಂದ ವಂಶಾವಳಿ ಬರೆಯುವವರಿದ್ದಾರೆ. ರಥಗಳ ಮೇಲೆ ಆಡುತ್ತಿದ್ದರಂತೆ, ಅಭಿಮನ್ಯು ವ್ಯೂಹ ಹೊಕ್ಕಿದ್ದೇ ಇದರ ಮೂಲವಂತೆ. ಇದಕ್ಕಿಂತ ಪುಣೆಯ ಡೆಕ್ಕನ್ ಜಿಮ್‌ಖಾನಾದ ಕಾಗದಗಳ ಕಥೆಯೇ ನನಗೆ ಹೆಚ್ಚು ರೋಚಕ. 1914ರಲ್ಲಿ ಅಲ್ಲಿ ಈ ಆಟಕ್ಕೆ ನಿಯಮಗಳನ್ನು ಬರೆಯಲು ಕುಳಿತಾಗ ಮೈದಾನದ ಎರಡು ತುದಿಯ ಕಂಬಗಳೇ ಇರಲಿಲ್ಲ. ಕಂಬ ಇರಬೇಕಾದಲ್ಲಿ ತಂಡದ ಇಬ್ಬರು ಎಳಸು ಆಟಗಾರರನ್ನು ಕುಕ್ಕರುಗಾಲಿನಲ್ಲಿ ಕೂರಿಸುತ್ತಿದ್ದರು! 1919ರಲ್ಲಿ ಮೈದಾನವನ್ನು ಮೊಟ್ಟೆಯಾಕಾರ ಮಾಡಿದರು, ಉದ್ದ 44 ಗಜ, ಅಗಲ 17 ಗಜ. ಆಮೇಲೆ ಆಯತ ಬಂತು, ಕಂಬಗಳು ಬಂದವು, ಅಳತೆ ಕುಗ್ಗುತ್ತ ಕುಗ್ಗುತ್ತ ಇಂದಿನ 27 ಮೀಟರ್ ಉದ್ದ, 16 ಮೀಟರ್ ಅಗಲಕ್ಕೆ ನಿಂತಿತು. 90 ಅಡಿ ಎಂದರೆ 27.4 ಮೀಟರ್. ಬೇಸ್‌ಬಾಲಿನ ಕಳ್ಳ ಓಡುವ ದಾರಿಯೂ ನಮ್ಮ ಖೋ ಖೋ ಅಂಗಳದ ಉದ್ದವೂ ಹೆಚ್ಚುಕಡಿಮೆ ಒಂದೇ ಆಗಿರುವುದು ಕಾಕತಾಳೀಯ, ಆದರೆ ಮನುಷ್ಯನ ಒಂದು ಉಸಿರಿನ ಓಟ ಎಷ್ಟೆಂಬುದರ ಬಗ್ಗೆ ಎರಡೂ ಕಡೆಯವರಿಗೆ ಒಂದೇ ಅಂದಾಜು ಸಿಕ್ಕಿರಬಹುದು.

ನಿಯಮ ಸರಳ, ಪರಿಣಾಮ ಸರಳವಲ್ಲ. ನಡುಗೆರೆಯ ಮೇಲೆ ಎಂಟು ಜನ, ಅಕ್ಕಪಕ್ಕದವರ ಮುಖ ವಿರುದ್ಧ ದಿಕ್ಕಿಗೆ. ಒಂಬತ್ತನೆಯವನು ಅಟ್ಟುತ್ತಾನೆ. ಅವನು ನಡುಗೆರೆ ದಾಟುವಂತಿಲ್ಲ. ಒಂದು ದಿಕ್ಕಿಗೆ ಹೆಜ್ಜೆ ಹಾಕಿದ ಮೇಲೆ, ತುದಿಯ ಕಂಬದ ಗೆರೆ ಮುಟ್ಟುವ ತನಕ, ಹೆಗಲು ಹಿಂದಕ್ಕೆ ತಿರುಗಿಸುವಂತಿಲ್ಲ. ಓಡುವವನಿಗೆ ಇದಾವುದೂ ಇಲ್ಲ, ಅವನು ಕುಳಿತವರ ನಡುವೆ ನುಸುಳಿ ಎತ್ತ ಬೇಕಾದರೂ ಹೋಗಬಹುದು. ಅಟ್ಟುವವನಿಗೆ ಇರುವ ಒಂದೇ ಉಪಾಯ, ಕುಳಿತವನೊಬ್ಬನ ಬೆನ್ನು ಮುಟ್ಟಿ ‘ಖೋ’ ಎಂದು ತನ್ನ ಓಟವನ್ನು ಅವನಿಗೆ ದಾಟಿಸಿ, ಅವನ ಜಾಗದಲ್ಲಿ ತಾನು ಕೂರುವುದು. ನಮ್ಮ ಪತ್ರಿಕೆಗಳು ‘ಸಚಿವ ಸ್ಥಾನದಿಂದ ಕೊಕ್’ ಎಂದು ಬರೆಯುವಾಗ ಈ ಆಟವನ್ನು ಚೆನ್ನಾಗಿಯೇ ಅರ್ಥ ಮಾಡಿಕೊಂಡಿವೆ: ಕೊಕ್ ಸಿಕ್ಕವನ ಕುರ್ಚಿ ಹೋಯಿತು, ಕೊಟ್ಟವನು ಅಲ್ಲೇ ಕುಳಿತ. ಆದರೆ ಆಟದಲ್ಲಿ ಎದ್ದವನಿಗೆ ಕೆಲಸ ಶುರು, ರಾಜಕೀಯದಲ್ಲಿ ಮುಗಿಯಿತು.

ಈಗ ಓಡುವವನ ಜಾಗದಲ್ಲಿ ನಿಂತು ನೋಡಿ. ಅಟ್ಟುವವನು ಪೂರ್ವದ ಬದಿಯಲ್ಲಿದ್ದರೆ ಅವನಿಗೆ ಬೆನ್ನು ಸಿಗುವುದು ಪಶ್ಚಿಮಕ್ಕೆ ಮುಖ ಮಾಡಿದವರದು ಮಾತ್ರ, ಅಂದರೆ ಒಬ್ಬನನ್ನು ಬಿಟ್ಟು ಒಬ್ಬ. ಎಂಟು ಜನರಲ್ಲಿ ನಾಲ್ವರು ಜೀವಂತ ಮಿಂಚುತಂತಿ, ನಾಲ್ವರು ಆ ಕ್ಷಣಕ್ಕೆ ಬರೀ ಮರದ ಕೊರಡು. ಆಚೆ ಬದಿಗೆ ಓಟ ದಾಟಿದೊಡನೆ ಲೆಕ್ಕ ಉಲ್ಟಾ. ಒಳ್ಳೆಯ ಓಟಗಾರನ ತಲೆಯಲ್ಲಿ ಈ ಲೆಕ್ಕ ಸದಾ ಓಡುತ್ತಿರುತ್ತದೆ. ಯಾರು ಏಳಬಲ್ಲರು, ಎದ್ದವನು ಯಾವ ಕಡೆ ಹೋಗಲು ಕಟ್ಟುಬಿದ್ದಾನೆ, ಕಂಬ ಎಷ್ಟು ದೂರ. ವೇಗ ಇದ್ದವರು ಬೇಗ ಔಟಾಗುವುದನ್ನು ಖೋ ಖೋ ನೋಡುವವರೆಲ್ಲ ನೋಡಿರುತ್ತಾರೆ. ಜೋರಾಗಿ ಓಡುವವನು ತನ್ನ ಮುಂದಿನ ಹೆಜ್ಜೆಯನ್ನು ತಾನೇ ಮೊದಲು ಸಾರಿಬಿಡುತ್ತಾನೆ.

ಈ ಲೆಕ್ಕದಿಂದ ಹುಟ್ಟಿದ್ದು ಓಟದ ಪಟ್ಟುಗಳು. ಹಳೆಯದು ‘ಸಿಂಗಲ್ ಚೈನ್’: ಕುಳಿತ ಒಬ್ಬೊಬ್ಬರ ನಡುವೆಯೂ ಹಾವಿನಂತೆ ನುಸುಳುತ್ತ ಒಂದು ಕಂಬದಿಂದ ಇನ್ನೊಂದಕ್ಕೆ. ನೋಡಲು ಚೆಂದ, ಆದರೆ ಅದಕ್ಕೊಂದು ತಾಳ ಇದೆ. ತಾಳ ಸಿಕ್ಕಿದ ಅಟ್ಟುಗಾರರು ಮುಂಚಿತವಾಗಿಯೇ ಖೋ ಕೊಟ್ಟು ಎದುರಿಗೆ ಒಬ್ಬನನ್ನು ನಿಲ್ಲಿಸಿಬಿಡುತ್ತಾರೆ. ಆಗ ಬಂದದ್ದು ‘ಡಬಲ್ ಚೈನ್’: ಇಬ್ಬಿಬ್ಬರನ್ನು ಬಿಟ್ಟು ಸುತ್ತುವುದು, ಹೆಚ್ಚು ದೂರ, ಕಡಿಮೆ ತಿರುವು. ಅದಾದ ಮೇಲೆ ‘ರಿಂಗ್’: ಇಡೀ ಮೈದಾನ ಬಿಟ್ಟು, ಒಂದಷ್ಟು ಚೌಕಗಳ ಸುತ್ತಲೇ ಬಳೆಯಂತೆ ಸುತ್ತುತ್ತ, ಅಟ್ಟುವವರನ್ನು ಒಂದೇ ಕಡೆ ಕಿಕ್ಕಿರಿಸಿ ಸುಸ್ತು ಮಾಡುವುದು. ನಿಜವಾದ ಪ್ರವೀಣರು ಒಂದೇ ಸರದಿಯಲ್ಲಿ ಚೈನಿನಿಂದ ರಿಂಗಿಗೆ, ರಿಂಗಿನಿಂದ ಚೈನಿಗೆ ಬದಲಾಗುತ್ತಾರೆ. ತಾಳ ಹಿಡಿಯಲು ಬಿಡುವುದಿಲ್ಲ.

ಅಟ್ಟುವವರು ಸುಮ್ಮನೆ ಕೂರಲಿಲ್ಲ. ಕೂರುವುದನ್ನೇ ಬದಲಿಸಿದರು. ಅಂಗಾಲು ನೆಲಕ್ಕೂರಿ ಕುಕ್ಕರಿಸುವ ಬದಲು ನೂರು ಮೀಟರ್ ಓಟದ ಆರಂಭದಂತೆ ಒಂದು ಕಾಲು ಮುಂದೆ, ಒಂದು ಹಿಂದೆ, ತುದಿಗಾಲಿನ ಮೇಲೆ ಕೂರುವ ‘ಬುಲೆಟ್’ ಪದ್ಧತಿ ಬಂತು. ಖೋ ಕಿವಿಗೆ ಬೀಳುತ್ತಲೇ ದೇಹ ಸಿಡಿಯುತ್ತದೆ. ಖೋ ಕೊಡುವಂತೆ ಬಾಗಿ ಕೊಡದೆ ಮುಂದೆ ಹೋಗುವುದು, ಕೊಡಬೇಕಾದ ಕ್ಷಣಕ್ಕಿಂತ ತಡಮಾಡಿ ಕೊಡುವುದು, ಇವೆಲ್ಲ ಓಟಗಾರನ ಕಣ್ಣಿಗೆ ಒಡ್ಡಿದ ಬಲೆಗಳು. ಮತ್ತು ಕಂಬ. ಕುಕ್ಕರುಗಾಲಿನ ಎಳಸು ಹುಡುಗರ ಜಾಗದಲ್ಲಿ ಮರದ ಕಂಬ ನೆಟ್ಟಾಗ ಅದನ್ನು ಒಂದು ಕೈಯಲ್ಲಿ ಹಿಡಿದು ಇಡೀ ಮೈಯನ್ನು ಗಾಳಿಗೆ ಚೆಲ್ಲಿ ಇನ್ನೊಂದು ಕೈಯಿಂದ ಓಟಗಾರನನ್ನು ಮುಟ್ಟಬಹುದೆಂಬುದು ಗೆರೆ ಗುರುತಿಸಲು ಕಂಬ ಬಯಸಿದವರ ಲೆಕ್ಕದಲ್ಲಿ ಇದ್ದಂತಿಲ್ಲ. ಇಂದು ಪೋಲ್ ಡೈವ್ ಇಲ್ಲದ ಖೋ ಖೋ ಪೋಸ್ಟರ್ ಇಲ್ಲ.

ಬೇಸ್‌ಬಾಲಿನ ಇತಿಹಾಸವೂ ಹೀಗೆಯೇ ಪಟ್ಟು, ಮರುಪಟ್ಟು. ಸೇಂಟ್ ಲೂಯಿಸ್ ತಂಡದ ಲೂ ಬ್ರಾಕ್ ಸಣ್ಣ ಸಿನಿಮಾ ಕ್ಯಾಮೆರಾ ತಂದು ಎದುರಾಳಿ ಪಿಚರುಗಳ ಚಲನೆಯನ್ನು ಚಿತ್ರೀಕರಿಸಿ, ಗಡಿಯಾರ ಹಿಡಿದು ಅಭ್ಯಾಸ ಮಾಡಿದ. 1974ರ ಒಂದೇ ಋತುವಿನಲ್ಲಿ 118 ಬೇಸು ಕದ್ದ. ಅದಕ್ಕಿಂತ ಒಳ್ಳೆಯ ಕಥೆ ಜಪಾನಿನದು. ಅಲ್ಲಿ ಫುಕುಮೊಟೊ ಯುತಾಕಾ 1972ರಲ್ಲಿ 106 ಬೇಸು ಕದ್ದಾಗ, ಎದುರಾಳಿ ತಂಡದ ಕ್ಯಾಚರ್ ಮತ್ತು ಮ್ಯಾನೇಜರ್ ಆಗಿದ್ದ ನೊಮುರಾ ಕತ್ಸುಯಾ ತನ್ನ ಪಿಚರುಗಳಿಗೆ ಕಾಲೆತ್ತುವುದನ್ನೇ ಕಡಿಮೆ ಮಾಡಿ ಬೇಗ ಎಸೆಯುವುದನ್ನು ಕಲಿಸಿದ. ಒಬ್ಬ ಕಳ್ಳ ಒಂದು ದೇಶದ ಪಿಚರುಗಳು ನಿಲ್ಲುವ ರೀತಿಯನ್ನೇ ಬದಲಿಸಿದ! ಫುಕುಮೊಟೊ ಆಮೇಲೂ ಕದಿಯುತ್ತಲೇ ಹೋಗಿ 1,065ಕ್ಕೆ ನಿಲ್ಲಿಸಿದ. ಅಮೆರಿಕದ ರಿಕಿ ಹೆಂಡರ್ಸನ್ ಅದನ್ನು ದಾಟಿ 1,406ಕ್ಕೆ ಹೋದ.

ಆದರೆ ಕಲೆ ಸಾಯುವುದೂ ಉಂಟು. ಬ್ಯಾಟರುಗಳು ಚೆಂಡನ್ನು ಗ್ಯಾಲರಿಗೆ ಎತ್ತುವುದನ್ನು ಕಲಿತ ಮೇಲೆ ಬೇಸು ಕದಿಯುವ ಅಪಾಯ ಯಾರಿಗೂ ಬೇಕಾಗಲಿಲ್ಲ. 1950ರಲ್ಲಿ ಅಮೆರಿಕನ್ ಲೀಗಿನಲ್ಲಿ ಅತಿ ಹೆಚ್ಚು ಬೇಸು ಕದ್ದವನ ಸಂಖ್ಯೆ ಬರೀ 15. ಕೌಶಲ ಇರಲಿಲ್ಲವೆಂದಲ್ಲ, ಅದಕ್ಕೆ ಬೆಲೆ ಇರಲಿಲ್ಲ.

ಖೋ ಖೋ ವಿಷಯಕ್ಕೆ ಈ ಮಾತು ನೇರ ಬಂದು ತಾಕುತ್ತದೆ. ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆದದ್ದು 1959–60ರಲ್ಲಿ, ವಿಜಯವಾಡದಲ್ಲಿ. ಮರು ವರ್ಷ ಕೊಲ್ಹಾಪುರದಲ್ಲಿ ಮಹಿಳೆಯರದು ಶುರುವಾಯಿತು. 1970ರಲ್ಲಿ ಸುಧೀರ್ ಪರಬ್‌ಗೆ ಖೋ ಖೋದ ಮೊದಲ ಅರ್ಜುನ ಪ್ರಶಸ್ತಿ, 1971ರಲ್ಲಿ ಅಚಲಾ ದೇವರೆಗೆ. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಪ್ರಶಸ್ತಿಗಳು ಆಗೀಗ ಬರುತ್ತಲೇ ಇದ್ದವು. 1998ರಲ್ಲಿ ಶೋಭಾ ನಾರಾಯಣ್‌ಗೆ ಬಂದದ್ದೇ ಕೊನೆ, ಆಮೇಲೆ 22 ವರ್ಷ ಯಾರೂ ಇಲ್ಲ. ಆ 22 ವರ್ಷಗಳಲ್ಲಿ ಈ ದೇಶದ ಶಾಲೆಗಳಲ್ಲಿ ಎಷ್ಟು ಮಕ್ಕಳು ಡಬಲ್ ಚೈನ್ ಕಲಿತರೋ! ಕ್ರೀಡಾಂಗಣ ಬೇಡ, ಬೂಟು ಬೇಡ, ಎರಡು ಕಂಬ ಮತ್ತು ಒಂದಿಷ್ಟು ಸುಣ್ಣ ಇದ್ದರೆ ಆಯಿತು ಎಂಬ ಕಾರಣಕ್ಕೆ ಹಬ್ಬಿದ ಆಟ, ಅದೇ ಕಾರಣಕ್ಕೆ ಬಡವರ ಆಟವೆಂದು ಬದಿಗೂ ಸರಿಯಿತು.

2020ರಲ್ಲಿ ಆ ಬರ ಮುರಿದದ್ದು ಸಾರಿಕಾ ಕಾಳೆ. 2016ರಲ್ಲಿ ಗುವಾಹಟಿಯ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ನಾಯಕಿ. ಊರು ಉಸ್ಮಾನಾಬಾದ್, ಈಗಿನ ಧಾರಾಶಿವ. ಇಂದು ಅದು ಛತ್ರಪತಿ ಸಂಭಾಜಿನಗರ ವಿಭಾಗದಲ್ಲಿದೆ, ನಿಜಾಮರ ಕಾಲದಲ್ಲಿ ಕಲಬುರಗಿ ವಿಭಾಗಕ್ಕೆ ಸೇರಿತ್ತು. ಮರಾಠವಾಡದ ಆ ಒಣ ನೆಲಕ್ಕೂ ನಮ್ಮ ಬೀದರಿನ ನೆಲಕ್ಕೂ ಬಣ್ಣದಲ್ಲಿ ವ್ಯತ್ಯಾಸವಿಲ್ಲ. ಇತ್ತ ನಾಶಿಕ ಜಿಲ್ಲೆಯಲ್ಲಿ ಗುಜರಾತಿನ ಗಡಿಗೆ ಹತ್ತಿದ ಸುರಗಾಣಾ ತಾಲ್ಲೂಕಿನ ಬುಡಕಟ್ಟು ಹಳ್ಳಿಗಳಿಂದ ಹುಡುಗಿಯರು ರಾಜ್ಯ ತಂಡದ ತನಕ ಬಂದರು. ಗುಡ್ಡ ಹತ್ತಿಳಿದ ಕಾಲುಗಳಿಗೆ ದಮ್ಮು ಕಲಿಸಬೇಕಾಗಿಲ್ಲ, ಲೆಕ್ಕ ಕಲಿಸಿದರೆ ಸಾಕು.

2022ರಲ್ಲಿ ದುಡ್ಡು ಬಂತು. ಅಲ್ಟಿಮೇಟ್ ಖೋ ಖೋ ಲೀಗ್ ಪುಣೆಯ ಬಾಲೇವಾಡಿಯಲ್ಲಿ ಶುರುವಾಯಿತು. ಆರು ತಂಡ, ಕರ್ನಾಟಕದ ಹೆಸರಿನದು ಒಂದೂ ಇಲ್ಲ. ಮಣ್ಣಿನ ಬದಲು ಮ್ಯಾಟು, ಬಯಲಿನ ಬದಲು ದೀಪದ ಕೆಳಗಿನ ಒಳಾಂಗಣ, ಚಿಕ್ಕದಾದ ಅಂಗಳ. ಜೊತೆಗೆ ‘ವಜೀರ್’ ಎಂಬ ಹೊಸ ಪಾತ್ರ: ಅಟ್ಟುವ ತಂಡದ ಈ ಒಬ್ಬನಿಗೆ ದಿಕ್ಕಿನ ಕಟ್ಟು ಇಲ್ಲ, ಎತ್ತ ಬೇಕಾದರೂ ತಿರುಗಬಹುದು. ಚದುರಂಗದ ವಜೀರನಂತೆ.

ಇಲ್ಲಿ ನನ್ನ ಮನಸ್ಸು ತಡೆಯುತ್ತದೆ. ಇಡೀ ಓಟಗಾರಿಕೆ ನಿಂತದ್ದು ಅಟ್ಟುವವನ ಹೆಗಲು ಹಿಂದಿರುಗಲಾರದು ಎಂಬ ಭರವಸೆಯ ಮೇಲೆ. ಹೆಗಲಿನ ಭಾಷೆ ಓದಲು ಕಲಿತವನ ಎದುರಿಗೆ ವ್ಯಾಕರಣವೇ ಇಲ್ಲದ ಹೆಗಲೊಂದನ್ನು ತಂದು ನಿಲ್ಲಿಸಿದರೆ ಅವನು ಮತ್ತೆ ಬರೀ ವೇಗಕ್ಕೆ ಮರಳಬೇಕು. ಟೀವಿಗೆ ಬೇಕಾದದ್ದು ಬೇಗ ಬೇಗ ಔಟು, ಹೆಚ್ಚು ಹಾರಾಟ. ಅದಕ್ಕೆ ವಜೀರ್ ಸರಿ. ಬೇಸ್‌ಬಾಲಿನವರು ಮರು ವರ್ಷ ಮಾಡಿದ್ದು ಇದಕ್ಕೆ ಉಲ್ಟಾ: ಅವರೂ ಪ್ರೇಕ್ಷಕರಿಗಾಗಿಯೇ ನಿಯಮ ಬದಲಿಸಿದರು, ಆದರೆ ಕಳ್ಳನ ಪರವಾಗಿ. 2023ರಲ್ಲಿ ಬೇಸಿನ ಅಗಲವನ್ನು 15 ಅಂಗುಲದಿಂದ 18ಕ್ಕೆ ಹೆಚ್ಚಿಸಿ, ಪಿಚರ್ ಓಟಗಾರನ ಕಡೆ ತಿರುಗಿ ಎಸೆಯುವುದಕ್ಕೆ ಮಿತಿ ಹಾಕಿದರು. ಹಿಂದಿನ ವರ್ಷ 2,486 ಇದ್ದ ಕಳವು ಒಂದೇ ವರ್ಷದಲ್ಲಿ 3,503ಕ್ಕೆ ಏರಿತು. ಅಟ್ಟುವವನ ಕಟ್ಟು ಬಿಗಿಯಾದಷ್ಟೂ ಓಡುವವನ ಕಲೆ ಅರಳುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಸಿಗದು.

ನ್ಯಾಯವಾಗಿ ಹೇಳಬೇಕೆಂದರೆ ಹೊಸ ಖೋ ಖೋ ಓಟಗಾರನನ್ನು ಪೂರ್ತಿ ಕೈಬಿಟ್ಟಿಲ್ಲ. ಹಳೆಯ ಆಟದಲ್ಲಿ ಎಷ್ಟು ಹೊತ್ತು ತಪ್ಪಿಸಿಕೊಂಡರೂ ಓಡುವ ತಂಡದ ಖಾತೆಗೆ ಅಂಕ ಬೀಳುತ್ತಿರಲಿಲ್ಲ, ಎದುರಾಳಿಗೆ ಸಿಗಬೇಕಾದದ್ದು ತಪ್ಪುತ್ತಿತ್ತು ಅಷ್ಟೆ. ಈಗ ‘ಡ್ರೀಮ್ ರನ್’ ಇದೆ. 2025ರ ಜನವರಿಯಲ್ಲಿ ದೆಹಲಿಯ ಇಂದಿರಾ ಗಾಂಧಿ ಒಳಾಂಗಣದಲ್ಲಿ ಮೊದಲ ವಿಶ್ವಕಪ್ ನಡೆದಾಗ, ಮೂರು ಜನರ ಒಂದು ತಂಡ ಮೂರು ನಿಮಿಷ ಉಳಿದರೆ ಒಂದು ಅಂಕ, ಆಮೇಲೆ ಪ್ರತಿ 30 ಸೆಕೆಂಡಿಗೆ ಇನ್ನೊಂದು. ಉಳಿದದ್ದಕ್ಕೂ ಬೆಲೆ ಬಂತು.

ಮಹಿಳೆಯರ ಫೈನಲ್ ನೇಪಾಳದ ವಿರುದ್ಧ. ಕೊನೆಯ ಸರದಿಯಲ್ಲಿ ಭಾರತದ ಓಟಗಾರ್ತಿಯರಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಅವರ ತಂಡ ಐದು ನಿಮಿಷ ದಾಟಿಸಿತು. ಐದು ನಿಮಿಷ ಎಂದು ಬರೆಯುವುದು ಸುಲಭ. ಏಳು ಏಳು ಸೆಕೆಂಡಿಗೊಮ್ಮೆ ಹೊಸ ಉಸಿರಿನ ಹೊಸ ಮನುಷ್ಯ ಬೆನ್ನ ಹಿಂದೆ ಎದ್ದು ಬರುವಾಗ, ಹಳೆಯ ಉಸಿರಿನಲ್ಲೇ ಅಷ್ಟು ಹೊತ್ತು ಲೆಕ್ಕ ತಪ್ಪದೆ ಇರುವುದು ಏನೆಂದು ಒಮ್ಮೆ ಆಡಿದವರಿಗೆ ಗೊತ್ತು. ಭಾರತ 78–40ರಿಂದ ಗೆದ್ದಿತು. ಪುರುಷರೂ ನೇಪಾಳವನ್ನೇ 54–36ರಿಂದ ಸೋಲಿಸಿದರು, ಆ ತಂಡದಲ್ಲಿ ನಮ್ಮ ಎಂ.ಕೆ. ಗೌತಮ್ ಇದ್ದರು. ಎರಡೂ ತಂಡಗಳ ನಾಯಕರು, ಪ್ರತೀಕ್ ವಾಯ್ಕರ್ ಮತ್ತು ಪ್ರಿಯಾಂಕಾ ಇಂಗಳೆ, ಮಹಾರಾಷ್ಟ್ರದವರು.

ಗೆದ್ದು ಬಂದ ಮೇಲೆ ಕರ್ನಾಟಕ ಸರ್ಕಾರ ಇಬ್ಬರಿಗೂ ತಲಾ 5 ಲಕ್ಷ ರೂಪಾಯಿ ಘೋಷಿಸಿತು. ಮಹಾರಾಷ್ಟ್ರ ತನ್ನ ಆಟಗಾರರಿಗೆ ಘೋಷಿಸಿದ್ದು 2.25 ಕೋಟಿ ಮತ್ತು ಸರ್ಕಾರಿ ನೌಕರಿ. ಗೌತಮ್ ಮತ್ತು ಚೈತ್ರಾ ಆ ಅಂತರವನ್ನು ಹೇಳಿಯೇ 5 ಲಕ್ಷವನ್ನು ಬೇಡವೆಂದರು.